ಹೂಗ್ಲಿಯ ಕಡವೂ ಸೇತುವೆಯೂ

ನದೀತೀರದ ಬಂದರುಪಟ್ಟಣಕ್ಕೆ ಎರಡು ಹಾದಿಗಳುಂಟು: ಪ್ರವಾಹವನ್ನನುಸರಿಸಿ ಹಡಗು ಸಾಗುವುದೊಂದು, ಅದನ್ನು ಅಡ್ಡಹಾಯ್ದು ಜನರು ದಾಟುವುದೊಂದು. ದೋಣಿಯ ಕಾಲದಲ್ಲಿ ಇವೆರಡಕ್ಕೂ ವಿರೋಧವಿರಲಿಲ್ಲ. ಅದು ಹುಟ್ಟಿದ್ದು ಸೇತುವೆಯೊಡನೆ. ಇದಕ್ಕೆ ಕಲ್ಕತ್ತೆಯೇ ನಿದರ್ಶನ.

ಕಡವಿನ ಸುಂಕವು ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಕೌಟಿಲ್ಯನು ಅದನ್ನು ನಾವಧ್ಯಕ್ಷನ ಅಧಿಕಾರಕ್ಕೆ ಒಪ್ಪಿಸಿದ್ದಾನೆ. ಅಮರಸಿಂಹನು ದಾಟಿಸುವ ಕೂಲಿಗೆ ‘ಆತರ’, ‘ತರಪಣ್ಯ’ ಎಂಬ ಹೆಸರುಗಳನ್ನು ಹೇಳಿದ್ದಾನೆ. 1854ರಲ್ಲಿ ಹಾವಡಾದಿಂದ ರೈಲು ಹೊರಟಾಗಲೂ ಕಲ್ಕತ್ತೆಯ ಪ್ರಯಾಣಿಕನು ಮೊದಲು ದೋಣಿಯನ್ನೇರಬೇಕಾಗಿತ್ತು.

ಹೊಳೆಯಲ್ಲಿ ಕಂಬಗಳನ್ನು ನೆಟ್ಟರೆ ಹೂಳು ತುಂಬಿ ಬಂದರೇ ಕೆಟ್ಟೀತೆಂಬ ಭಯವಿದ್ದಿತು. ಆದುದರಿಂದ ಬ್ರಾಡ್‌ಫರ್ಡ್ ಲೆಸ್ಲಿಯು 1871ರ ಶಾಸನಾನುಸಾರವಾಗಿ ತೇಲುವ ಸೇತುವೆಯನ್ನು ರಚಿಸಿದನು. 1874ರ ಮಾರ್ಚಿಯ ಬಿರುಗಾಳಿಯಲ್ಲಿ ‘ಈಜೀರಿಯಾ’ ಎಂಬ ಹಡಗು ಕಟ್ಟು ಕಳಚಿಕೊಂಡು ಬಡಿದು ಅದಕ್ಕೆ ಹಾನಿಯುಂಟುಮಾಡಿತು. ಆದರೂ ಅದೇ ಅಕ್ಟೋಬರಿನಲ್ಲಿ ಸಂಚಾರವು ಪ್ರಾರಂಭವಾಯಿತು. 1,528 ಅಡಿ ಉದ್ದದ ಆ ಸೇತುವೆಯ ನಡುವೆ 200 ಅಡಿಗಳನ್ನು ಬಿಚ್ಚಿ ಹಡಗುಗಳಿಗೆ ಎಡೆಗೊಡುತ್ತಿದ್ದರು. 1906ರವರೆಗೆ ಈ ಕಾರ್ಯವು ಹಗಲಿನಲ್ಲಿಯೇ ನಡೆಯುತ್ತಿದ್ದುದರಿಂದ ಗಾಡಿಗಳೂ ಪಾದಚಾರಿಗಳೂ ದಡದಲ್ಲಿ ಕಾಯಬೇಕಾಗುತ್ತಿತ್ತು. ಸುಂಕವೂ ಅಳಿಯಲಿಲ್ಲ, ದೋಣಿಯಿಂದ ಸೇತುವೆಗೆ ಏರಿತು, ಅಷ್ಟೆ.

1943ರ ಫೆಬ್ರವರಿಯಲ್ಲಿ ತೆರೆದ ಉಕ್ಕಿನ ಸೇತುವೆಯು ನದಿಯಲ್ಲಿ ಒಂದು ಕಂಬವನ್ನೂ ಊರದೆ 1,500 ಅಡಿಗಳನ್ನು ಹಾಯ್ದಿದೆ. ಅದರ 26,500 ಟನ್ನು ಉಕ್ಕಿನಲ್ಲಿ 23,000 ಟನ್ನು ತಾತಾ ಕಾರ್ಖಾನೆಯದು. 1965ರಲ್ಲಿ ಅದಕ್ಕೆ ರವೀಂದ್ರ ಸೇತುವೆಂದು ನಾಮಕರಣವಾಯಿತು.

ಸೇತುವೆಯು ಕಡವನ್ನು ನುಂಗಿತೆಂದು ಹೇಳುವುದುಂಟು. ಅದು ಯುಕ್ತವಲ್ಲ, ಹಾವಡಾ ಘಟ್ಟದಿಂದ ಯಂತ್ರದೋಣಿಗಳು ಇಂದಿಗೂ ಜನರನ್ನು ದಾಟಿಸುತ್ತಿವೆ. ಆದರೆ ಬಿಚ್ಚದ ಸೇತುವೆಯ ಕೆಳಗೆ ದೊಡ್ಡ ಸಮುದ್ರನೌಕೆಗೆ ಎಡೆಯಿಲ್ಲ. ಎರಡು ಹಾದಿಗಳ ಈ ವಿವಾದದಲ್ಲಿ ಸೋತುದು ದೋಣಿಯಲ್ಲ, ಹಡಗು.