ಅಂಜದೀವ: ಕಾರವಾರದೆದುರಿನ ಪರದೇಶ

ದಾಂಡೇಲಿಯ ಸಮೀಪದ ಕುಳಗಿಯ ಕಾಡಿನಲ್ಲಿ ನಾನೊಂದು ರಾತ್ರಿ ತಂಗಿದ್ದೆ. ಜೊತೆಗಿದ್ದ ತರುಣ ಮಿತ್ರರು, "ಮಾಲ್ದೀವಿಗೆ ಹೋಗಬೇಕೆಂದಿದ್ದೇನೆ, ಸರ್. ಪುಟ್ಟ ದ್ವೀಪರಾಷ್ಟ್ರವೊಂದನ್ನು ಕಂಡಂತಾಗುತ್ತದೆ" ಎಂದರು. "ಅವಶ್ಯವಾಗಿ ಹೋಗಿಬನ್ನಿ. ಆದರೆ ಈ ಕಾಳಿ ನದಿಯ ಗುಂಟ ಇಳಿದು ಕಡಲು ಸೇರಿದರೆ, ಅಲ್ಲಿಯೂ ಒಂದು ದ್ವೀಪವುಂಟು. 1961ರವರೆಗೆ ಅದು ಪರದೇಶವೇ ಆಗಿತ್ತು" ಎಂದೆ.

ಅದು ಅಂಜದೀವ. ಕಾರವಾರದ ದಕ್ಷಿಣಕ್ಕೆ, ಬಿಣಗಾದ ತೀರದೆದುರು ಇರುವ ಈ ದ್ವೀಪದ ವಿಸ್ತಾರ ಸುಮಾರು ಒಂದೂವರೆ ಚದರ ಕಿಲೋಮೀಟರ್ ಮಾತ್ರ. ನಮ್ಮ ಕರಾವಳಿಗೆ ಅಷ್ಟು ಹತ್ತಿರವಿದ್ದರೂ ಆಡಳಿತದಲ್ಲಿ ಅದು ಗೋವೆಗೆ ಸೇರಿದೆ. ಅಂಕೋಲೆಯ ಆರ್ಯಾದುರ್ಗೆಯ ಮೂಲಸ್ಥಾನ ಇದೇ ದ್ವೀಪವೆಂದೂ, ಪೋರ್ತುಗೀಜರ ಭಯದಿಂದ ದೇವಿಯನ್ನು ಒಳನಾಡಿಗೆ ತರಲಾಯಿತೆಂದೂ ಐತಿಹ್ಯವಿದೆ.

ಇಷ್ಟು ಕಿರಿದಾದ ನೆಲಕ್ಕೆ ಪರದೇಶಿಗಳು ಬಂದುದೇಕೆ? ಅಲ್ಲಿ ಸಿಹಿನೀರಿತ್ತು, ಸೌದೆಯಿತ್ತು, ಹಡಗುಗಳಿಗೆ ಆಸರೆಯಿತ್ತು. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುತ್ತಿದ್ದ ವಾಸ್ಕೋ ಡ ಗಾಮ ಇಲ್ಲಿಯೇ ತನ್ನ ಹಡಗುಗಳನ್ನು ದುರಸ್ತಿಗೊಳಿಸಿಕೊಂಡನು. 1505ರಲ್ಲಿ ಅಲ್ಮೇಡನು ಕೋಟೆಯನ್ನು ಕಟ್ಟಿಸಿದನು. ಮರುವರ್ಷವೇ ಪೋರ್ತುಗೀಜರು ಅದನ್ನು ತಾವಾಗಿಯೇ ಕೆಡವಿ ಹೊರಟುಹೋದರು.

ಈ ದ್ವೀಪದ ಅತ್ಯಂತ ದಾರುಣವಾದ ಅಧ್ಯಾಯ ಇಂಗ್ಲಿಷರದು. ಪೋರ್ತುಗಲ್ಲಿನ ರಾಜಕುಮಾರಿ ಕ್ಯಾಥರೀನಳ ವಿವಾಹದೊಡನೆ ಮುಂಬಯಿಯು ಎರಡನೆಯ ಚಾರ್ಲ್ಸ್ ದೊರೆಗೆ ಬಳುವಳಿಯಾಗಿ ಸಂದಿತು. ಅದನ್ನು ವಶಪಡಿಸಿಕೊಳ್ಳಲು 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ ನಾನೂರು ಸೈನಿಕರೊಡನೆ ಬಂದರೆ, ಪೋರ್ತುಗೀಜ್ ಅಧಿಕಾರಿಗಳು ಊರನ್ನು ಬಿಟ್ಟುಕೊಡಲಿಲ್ಲ. ಎಲ್ಲಿಯೂ ನೆಲೆ ದೊರೆಯದ ಆ ಪಡೆ ಅಂಜದೀವದಲ್ಲಿ ಇಳಿದು ಕಾಯತೊಡಗಿತು. ಎರಡು ವರ್ಷಗಳಿಗೂ ಮಿಕ್ಕ ಆ ಕಾಯುವಿಕೆಯಲ್ಲಿ ಮಳೆಯೂ ಜ್ವರವೂ ಅವರನ್ನು ಒಬ್ಬೊಬ್ಬರನ್ನಾಗಿ ಕೊಂಡೊಯ್ದವು. 1664ರಲ್ಲಿ ಶಿಪ್‌ಮನ್ ಕೂಡ ತೀರಿಕೊಂಡನು. 1665ರಲ್ಲಿ ಹಂಫ್ರಿ ಕುಕ್ ಮುಂಬಯಿಯನ್ನು ಪಡೆದಾಗ ಅವನೊಡನೆ ಉಳಿದಿದ್ದವರು ನೂರರ ಆಸುಪಾಸು. ಆ ಮಹಾನಗರಕ್ಕೆ ತೆತ್ತ ಮೊದಲ ಬೆಲೆ ನಮ್ಮ ಕಾರವಾರದೆದುರಿನ ಮಣ್ಣಿನಲ್ಲಿದೆ.

ಪೋರ್ತುಗೀಜರು 1682ರಲ್ಲಿ ಮತ್ತೆ ಬಂದು ಕೋಟೆ ಕಟ್ಟಿ ನೆಲೆಸಿದರು. 1961ರ ನವೆಂಬರಿನಲ್ಲಿ ಭಾರತದ 'ಸಾಬರಮತಿ' ಹಡಗಿನ ಮೇಲೆ ಈ ದ್ವೀಪದಿಂದಲೇ ಗುಂಡು ಹಾರಿತು. ಡಿಸೆಂಬರ್ 18ರಂದು ನಮ್ಮ ನೌಕಾದಳದವರು ಇಲ್ಲಿ ಇಳಿದರು. ದ್ವೀಪ ನಮ್ಮದಾಯಿತು, ಏಳು ಮಂದಿ ನಾವಿಕರು ಮರಳಲಿಲ್ಲ.

ಇಂದು ಅಂಜದೀವವು ಕಾರವಾರದ ನೌಕಾನೆಲೆಯೊಳಗಿದೆ. ಅಲೆತಡೆಗೋಡೆಯೊಂದು ಅದನ್ನು ನೆಲಕ್ಕೆ ಬೆಸೆದಿದೆ. ದ್ವೀಪವೆಂಬ ಹೆಸರೂ ಈಗ ಅರ್ಧ ಸತ್ಯವೇ ಸರಿ. ಪ್ರವಾಸಿಗಳಿಗೆ ಅಲ್ಲಿ ಪ್ರವೇಶವಿಲ್ಲ. ಅಲ್ಲಿಯ ಪುರಾತನ ಇಗರ್ಜಿಯ ಹಬ್ಬಕ್ಕೆ ದೋಣಿಯೇರಿ ಹೋಗುತ್ತಿದ್ದವರ ಸಂತತಿಗೂ ಆ ದಾರಿ ಸುಲಭವಾಗಿ ಉಳಿದಿಲ್ಲ. ನಾಡಿನ ರಕ್ಷಣೆಗೆ ಇದು ಅಗತ್ಯವೆಂಬುದನ್ನು ಬಲ್ಲೆ. ಅವರ ನೋವನ್ನೂ ಬಲ್ಲೆ.

ನನ್ನ ಮಿತ್ರರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೊದಲು ಕಾರವಾರಕ್ಕೇ ಹೋಗೋಣ, ಸರ್. ದಡದಲ್ಲಿ ನಿಂತಾದರೂ ನೋಡೋಣ" ಎಂದರು. ಬೆಳಗಾಗುತ್ತಲೇ ಹೊರಟೆವು.