ಲಾಳವಿಲ್ಲದ ಕಾಲದ ಕುದುರೆ, ಮಳೆಗಾಲದ ಗೊರಸು



ಜೂನ್ ತಿಂಗಳು ಬಂತೆಂದರೆ ಮುಂಬಯಿ, ಪುಣೆಯಲ್ಲಿರುವ ನಮಗೆಲ್ಲ ಕಾಲಿನ ಚಿಂತೆ ಶುರುವಾಗುತ್ತದೆ. ಚರ್ಮದ ಚಪ್ಪಲಿ ಅಟ್ಟ ಸೇರುತ್ತದೆ, ರಬ್ಬರಿನದು ಹೊರಗೆ ಬರುತ್ತದೆ. ಲೋಕಲ್ ಹಿಡಿಯಲು ನೀರಿನಲ್ಲಿ ನಡೆದೂ ನಡೆದೂ ಬೆರಳ ಸಂದಿ ಬಿಳುಚಿಕೊಂಡು ಹುಣ್ಣಾಗುತ್ತದೆ. ಊರಿನಲ್ಲಿ ಗದ್ದೆ ನಾಟಿ ಮಾಡಿದವರಿಗೆ ಇದು ಹೊಸದೇನಲ್ಲ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಕೂತಿದ್ದಾಗ ಹೊಳೆದ ಪ್ರಶ್ನೆ ಇದು: ಕಬ್ಬಿಣದ ಲಾಳ ಬರುವ ಮುಂಚೆ, ಸಾವಿರಾರು ಕುದುರೆಗಳ ಸೇನೆ ಕಟ್ಟಿಕೊಂಡು ದೇಶ ಸುತ್ತಿದವರು ಕೆಸರಿನಲ್ಲಿ ಆ ಕುದುರೆಗಳ ಕಾಲನ್ನು ಹೇಗೆ ಕಾಪಾಡಿಕೊಂಡರು?

ಸಿನಿಮಾದಲ್ಲಿ ಅಲೆಕ್ಸಾಂಡರನ ಕುದುರೆಯೂ ಲಾಳದ ಸದ್ದು ಮಾಡಿಕೊಂಡೇ ಓಡುತ್ತದೆ. ಆದರೆ ಮೊಳೆ ಹೊಡೆದು ಕೂರಿಸುವ ಲಾಳ ಯುರೋಪಿನಲ್ಲಿ ಸಾಮಾನ್ಯವಾದದ್ದು ಕ್ರಿ.ಶ. 9-10ನೇ ಶತಮಾನದ ಸುಮಾರಿಗೆ. ಅದಕ್ಕೂ ಮುಂಚಿನ ಗ್ರೀಕರ ಕುದುರೆಗಳೆಲ್ಲ ಬರಿಗಾಲಿನವು. ಗೊರಸು ಒಡೆದರೆ ಕುದುರೆ ಕುಂಟುತ್ತದೆ, ಕುಂಟುವ ಕುದುರೆಯ ಮೇಲಿನ ರಾವುತ ಕಾಲಾಳಿಗಿಂತಲೂ ಕಡೆ.

ಗೊರಸು ನಮ್ಮ ಉಗುರಿನ ಜಾತಿಯದೇ, ಎರಡೂ ಆಗಿರುವುದು ಕೆರಟಿನ್ ಎಂಬ ವಸ್ತುವಿನಿಂದ. ರಾಶಿ ಬಟ್ಟೆ ಒಗೆದ ಮೇಲೆ ನಿಮ್ಮ ಉಗುರು ಮೆತ್ತಗಾಗಿ ಬಾಗುವುದನ್ನು ನೋಡಿದ್ದೀರಲ್ಲ, ಕುದುರೆಗೂ ಹಾಗೆಯೇ. ನೀರು ಹೀರಿದ ಗೊರಸು ಮೆದುವಾಗಿ ಬೇಗ ಸವೆಯುತ್ತದೆ, ಅಂಚು ಸಿಬಿರು ಸಿಬಿರಾಗಿ ಏಳುತ್ತದೆ. ಒಂದು ದಿನ ನೆನೆದು ಮರುದಿನ ಒಣಗಿ ಮತ್ತೆ ನೆನೆದರೆ ಸೀಳು ಬಿಡುತ್ತದೆ. ಸೀಳಿನೊಳಗೆ ಕೆಸರು, ಸಗಣಿ ಸೇರಿ ಕೀವಾಗುತ್ತದೆ. ಗೊರಸಿನ ತಳದ ನಡುವೆ ರಬ್ಬರಿನಂತಹ ತ್ರಿಕೋನದ ಭಾಗವೊಂದಿದೆ. ಇಂಗ್ಲಿಷಿನವರು ಅದನ್ನು ಕಪ್ಪೆ ಎಂದು ಕರೆದರು, ಗ್ರೀಕರು ಕವಲುಬಾಲದ ಹಕ್ಕಿಯ ಹೆಸರಿಟ್ಟರು. (ಗ್ರೀಕರ ಕಣ್ಣೇ ಚುರುಕು ಎನ್ನಬೇಕು, ನೋಡಲು ಅದು ಹಕ್ಕಿಯ ಬಾಲದಂತೆಯೇ ಇದೆ.) ಒದ್ದೆಯಲ್ಲಿ ನಿಂತ ಕುದುರೆಯಲ್ಲಿ ಅದು ಕೊಳೆತು ಕಪ್ಪಗಾಗಿ ನಾರುತ್ತದೆ. ಹೊಸ ಗೊರಸು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರಿನೊಳಗೇ. ಮುಂಭಾಗ ಪೂರ್ತಿ ಹೊಸದಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಯುದ್ಧದ ನಡುವೆ ಅಷ್ಟು ಕಾಯುವವರು ಯಾರು?

ಕ್ರಿ.ಪೂ. 217ರಲ್ಲಿ ಹ್ಯಾನಿಬಾಲ್ ರೋಮನರ ಕಣ್ಣು ತಪ್ಪಿಸಲು ಇಟಲಿಯ ಎಟ್ರೂರಿಯಾ ಪ್ರಾಂತದ ಜೌಗಿನ ಮೂಲಕ ಸೇನೆ ನಡೆಸಿದ. ನಾಲ್ಕು ಹಗಲು ಮೂರು ರಾತ್ರಿ ನೀರಿನಲ್ಲೇ ನಡಿಗೆ. ಹೇಸರಗತ್ತೆಗಳು ಕೆಸರಿನಲ್ಲಿ ಬಿದ್ದು ಸತ್ತವು. ಒಣ ನೆಲ ಸಿಗದ ಸೈನಿಕರು ಆ ಹೆಣಗಳ ಮೇಲೂ ಗಂಟುಮೂಟೆಯ ಮೇಲೂ ಒರಗಿ ಒಂದಿಷ್ಟು ನಿದ್ದೆ ಮಾಡಿದರು. ಉಳಿದಿದ್ದ ಒಂದೇ ಆನೆಯ ಮೇಲೆ ಕೂತು ದಾಟಿದ ಹ್ಯಾನಿಬಾಲ್ ಕಣ್ಣುಬೇನೆಯಿಂದ ಒಂದು ಕಣ್ಣು ಕಳೆದುಕೊಂಡ. ಇಷ್ಟೆಲ್ಲ ಬರೆದ ಇತಿಹಾಸಕಾರ ಪೊಲಿಬಿಯಸ್ ಇನ್ನೊಂದು ಮಾತನ್ನೂ ಹೇಳುತ್ತಾನೆ: ಎಡೆಬಿಡದೆ ಕೆಸರಿನಲ್ಲಿ ನಡೆದದ್ದರಿಂದ ಬಹಳ ಕುದುರೆಗಳ ಗೊರಸೇ ಕಳಚಿಬಿದ್ದವು. ಆನೆಯ ಕಥೆ, ಕಣ್ಣಿನ ಕಥೆ ಎಲ್ಲರಿಗೂ ಗೊತ್ತು, ಈ ಗೊರಸಿನ ಕಥೆ ಹೇಳುವವರು ಕಡಿಮೆ. ಅದೇ ವರ್ಷ ಏಡ್ರಿಯಾಟಿಕ್ ಕಡಲ ಬದಿಗೆ ಬಂದ ಮೇಲೆ ಹ್ಯಾನಿಬಾಲ್ ತನ್ನ ಸೊರಗಿದ, ಕಜ್ಜಿ ಹತ್ತಿದ ಕುದುರೆಗಳಿಗೆ ಹಳೆಯ ದ್ರಾಕ್ಷಾರಸದಲ್ಲಿ ಸ್ನಾನ ಮಾಡಿಸಿ ಗುಣಪಡಿಸಿದನಂತೆ. ಆ ಊರಲ್ಲಿ ದ್ರಾಕ್ಷಾರಸ ಅಷ್ಟು ಹೇರಳವಾಗಿತ್ತು.

ಇನ್ನೊಂದು ಉದಾಹರಣೆ ನಮ್ಮ ದೇಶದ್ದೇ. ಕ್ರಿ.ಪೂ. 326ರಲ್ಲಿ ಅಲೆಕ್ಸಾಂಡರ್ ಪೌರವನನ್ನು ಗೆದ್ದು ಪಂಜಾಬಿನ ಬಿಯಾಸ್ ನದಿಯವರೆಗೆ ಬಂದ. ಬಂದದ್ದು ಮಳೆಗಾಲದಲ್ಲಿ. ಎಪ್ಪತ್ತು ದಿನ ಗುಡುಗು ಸಿಡಿಲಿನ ಮಳೆ ಸುರಿಯಿತೆಂದು ಡಿಯೊಡೊರಸ್ ಬರೆಯುತ್ತಾನೆ. ಸೈನಿಕರ ಗ್ರೀಕ್ ಬಟ್ಟೆ ಹರಿದುಹೋಗಿ ಇಲ್ಲಿನ ಬಟ್ಟೆಯನ್ನೇ ಕತ್ತರಿಸಿ ಹೊಲಿದುಕೊಂಡಿದ್ದರು, ಆಯುಧಗಳು ಸವೆದಿದ್ದವು, ಬಿಡುವಿಲ್ಲದ ನಡಿಗೆಯಿಂದ ಕುದುರೆಗಳ ಗೊರಸು ತೆಳ್ಳಗಾಗಿದ್ದವು. ಸೇನೆ ಮುಂದೆ ಬರಲು ಒಪ್ಪಲಿಲ್ಲ, ಅಲೆಕ್ಸಾಂಡರ್ ಹಿಂದಿರುಗಿದ. ಗೊರಸೇ ಅವನನ್ನು ತಡೆಯಿತು ಎಂದರೆ ಅತಿಯಾದೀತು. ಎಂಟು ವರ್ಷ ಮನೆ ಬಿಟ್ಟವರ ಬೇಸರ ಇತ್ತು, ಗಂಗೆಯಾಚೆಯ ಆನೆಗಳ ಭಯ ಇತ್ತು. ಆದರೆ ಗೊರಸು ಸವೆಯಲು ನಡಿಗೆಯೊಂದೇ ಕಾರಣ ಎಂದು ಡಿಯೊಡೊರಸ್ ಹೇಳಿದ್ದನ್ನು ನಾನು ಪೂರ್ತಿ ಒಪ್ಪಲಾರೆ. ಅಷ್ಟು ದೂರ ಅವು ಮೊದಲೂ ನಡೆದಿದ್ದವು. ಎಪ್ಪತ್ತು ದಿನ ನೆನೆದು ನಡೆದದ್ದು ಇಲ್ಲಿಯೇ.

ಇದಕ್ಕೆ ಮದ್ದು ಹೇಳಿದವನು ಅಲೆಕ್ಸಾಂಡರನಿಗಿಂತ ಹಿಂದಿನವನು, ಅಥೆನ್ಸಿನ ಕ್ಸೆನೊಫೋನ್. ಸಾಕ್ರೆಟಿಸನ ಶಿಷ್ಯ, ಸೇನಾನಿ, ಕುದುರೆಯ ಹುಚ್ಚಿನವನು. ಅವನು ಯುವಕನಾಗಿದ್ದಾಗಲೇ, ಕ್ರಿ.ಪೂ. 413ರಲ್ಲಿ, ಸ್ಪಾರ್ಟಾದವರು ಅಥೆನ್ಸಿನ ಹತ್ತಿರದ ಡೆಕೆಲಿಯಾದಲ್ಲಿ ಠಾಣ್ಯ ಹೂಡಿದರು. ಅವರನ್ನು ತಡೆಯಲು ಅಥೆನ್ಸಿನ ರಾವುತರು ದಿನವೂ ಗಟ್ಟಿ ನೆಲದ ಮೇಲೆ ಓಡಾಡಬೇಕಾಗಿ, ಕುದುರೆಗಳು ಕುಂಟಾದವೆಂದು ಥುಸಿಡಿಡಿಸ್ ಬರೆದಿದ್ದಾನೆ. ಹೀಗಿರುವಾಗ ಕುದುರೆಯನ್ನು ಮೆತ್ತನೆಯ ನೆಲದಲ್ಲಿ ಸಾಕಿ ಎಂದು ಕ್ಸೆನೊಫೋನ್ ಹೇಳಬಹುದಿತ್ತು. ಹೇಳಿದ್ದು ಅದಕ್ಕೆ ತದ್ವಿರುದ್ಧ.

ಕುದುರೆ ಸಾಕಣೆಯ ಬಗ್ಗೆ ಬರೆದ ಪುಸ್ತಕದಲ್ಲಿ ಅವನು ಲಾಯದ ನೆಲದಿಂದ ಆರಂಭಿಸುತ್ತಾನೆ. ಒದ್ದೆಯ, ನುಣುಪಿನ ನೆಲ ಹುಟ್ಟಿನಿಂದ ಒಳ್ಳೆಯದಾದ ಗೊರಸನ್ನೂ ಕೆಡಿಸುತ್ತದೆ. ಒದ್ದೆ ನಿಲ್ಲದಂತೆ ನೆಲ ಇಳಿಜಾರಾಗಿರಲಿ. ನುಣುಪಾಗದಂತೆ ಗೊರಸಿನ ಗಾತ್ರದ ಕಲ್ಲುಗಳನ್ನು ಒತ್ತೊತ್ತಾಗಿ ಹೂಳಿರಲಿ. ಲಾಯದ ಹೊರಗೆ, ಕುದುರೆಗೆ ಮಾಲೀಸು ಮಾಡುವ ಕಡೆ, ಮುಷ್ಟಿ ತುಂಬುವಂಥ ದುಂಡು ಕಲ್ಲುಗಳನ್ನು ನಾಲ್ಕೈದು ಗಾಡಿ ಹೊರಿಸಿ ಸುರಿಯಿರಿ, ಒಂದೊಂದೂ ಒಂದು ಮಿನಾ ತೂಕದ್ದು (ಎಂದರೆ ನಮ್ಮ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ). ಚೆದುರದಂತೆ ಸುತ್ತ ಕಬ್ಬಿಣದ ಪಟ್ಟಿ ಬಿಗಿಯಿರಿ. ನೊಣ ಕಚ್ಚಿದಾಗ, ಮೈ ಉಜ್ಜಿದಾಗ ಕುದುರೆ ಅದರ ಮೇಲೆಯೇ ಕಾಲು ಎತ್ತಿ ಇಡುತ್ತದೆ, ದಿನದ ಒಂದು ಹೊತ್ತು ಕಲ್ಲುದಾರಿಯಲ್ಲಿ ನಡೆದಂತಾಗುತ್ತದೆ. ನೀರು ಕೆಳಗಿಳಿದು ಗೊರಸು ಒಣಗಿರುತ್ತದೆ, ತಳ ಗಟ್ಟಿಯಾಗುತ್ತದೆ.

ಇನ್ನೊಂದು ಮಾತನ್ನು ಅವನು ಕಟ್ಟುನಿಟ್ಟಾಗಿಯೇ ಹೇಳುತ್ತಾನೆ. ಕುದುರೆಯ ಕಾಲು ತೊಳೆಯಬೇಡಿ, ಅದರಿಂದ ಉಪಯೋಗವಿಲ್ಲ, ದಿನವೂ ನೆನೆದರೆ ಗೊರಸಿಗೆ ಕೇಡು. ಶುಚಿ ಎಂದರೆ ನೀರು ಎಂದು ನಂಬಿದ ನಮ್ಮಂಥವರಿಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ. ಆದರೆ ಗೊರಸಿನ ಮಟ್ಟಿಗೆ ಅವನ ಮಾತು ಸರಿ.

ನಮ್ಮ ರೇಡಿಯೋ ನಾಟಕದವರಿಗೆ ಇಷ್ಟವಾಗುವ ಸಂಗತಿಯೂ ಆ ಪುಸ್ತಕದಲ್ಲಿದೆ. ಒಳ್ಳೆಯ ಗೊರಸನ್ನು ಕಿವಿಯಿಂದಲೂ ಗುರುತಿಸಬಹುದಂತೆ, ತಳ ಟೊಳ್ಳಾಗಿರುವ ಗೊರಸು ನೆಲಕ್ಕೆ ಬಡಿದಾಗ ಕಂಚಿನ ತಾಳದಂತೆ ನುಡಿಯುತ್ತದೆ. ತೆಂಗಿನ ಕರಟ ಬಡಿದು ಕುದುರೆ ಓಡಿಸುವ ನಾವು ತಾಳವನ್ನೂ ಒಮ್ಮೆ ಬಡಿದು ನೋಡಬಹುದು.

ರೋಮನರಲ್ಲಿ ಕ್ರಿ.ಶ. 1ನೇ ಶತಮಾನದ ಕೊಲುಮೆಲ್ಲ ಕೂಡ ಗೊರಸು ನೆನೆಯದಂತೆ ಕುದುರೆಯನ್ನು ಒಣ ಜಾಗದಲ್ಲಿ ಕಟ್ಟಿ ಎಂದ. ಆದರೆ ಅವನು ಹೇಳಿದ್ದು ಕಲ್ಲಲ್ಲ, ಓಕ್ ಮರದ ಹಲಗೆ ಹಾಸಬೇಕು, ಇಲ್ಲವೇ ನೆಲವನ್ನು ಆಗಾಗ ಬಳಿದು ಹೊಟ್ಟು ಹರಡಬೇಕು ಎಂದು. ನಮ್ಮ ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಅಶ್ವಾಧ್ಯಕ್ಷನ ಕೆಲಸ ಹೇಳುವ ಅಧ್ಯಾಯವಿದೆ. ಪ್ರತಿ ಕುದುರೆಗೂ ಅದರ ಉದ್ದದಷ್ಟೇ ಅಳತೆಯ ಚೌಕದ ಜಾಗ, ನಯವಾದ ಹಲಗೆಯ ನೆಲ, ಮೇವಿನ ಪೆಟ್ಟಿಗೆ, ಮೂತ್ರ ಲದ್ದಿ ಹೊರಹೋಗಲು ದಾರಿ, ಮುಖ ಪೂರ್ವಕ್ಕೋ ಉತ್ತರಕ್ಕೋ. ಶತಮಾನಗಳ ಕಾಲ ಮರೆಯಾಗಿದ್ದ ಈ ಗ್ರಂಥದ ತಾಳೆಗರಿ ಪ್ರತಿ 1905ರಲ್ಲಿ ಸಿಕ್ಕಿದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, ನಮ್ಮ ಆರ್. ಶಾಮಶಾಸ್ತ್ರಿಗಳಿಗೆ. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು.

ನುಣುಪು ನೆಲ ಬೇಡವೆಂದ ಕ್ಸೆನೊಫೋನ್ ಸರಿಯೋ, ನಯವಾದ ಹಲಗೆ ಬೇಕೆಂದ ಕೌಟಿಲ್ಯ ಸರಿಯೋ? ಮೂರು ತಿಂಗಳು ಮಳೆ ಹೊಡೆಯುವ ನಾಡಿನಲ್ಲಿ ಮಣ್ಣಿನ ನೆಲ ಒಣಗುವುದೇ ಇಲ್ಲ, ಅಲ್ಲಿ ಹಲಗೆಯೇ ವಾಸಿ. ಮಳೆ ಕಡಿಮೆಯ ಅಥೆನ್ಸಿನಲ್ಲಿ ಕಲ್ಲು ನಡೆಯುತ್ತದೆ. ಮೂತ್ರ ಹರಿದುಹೋಗಬೇಕು ಎನ್ನುವುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಈಗ ಲಾಳ ಹೊಡೆಸದೆ ಕುದುರೆ ಸಾಕುವವರು ಮತ್ತೆ ಹೆಚ್ಚಿದ್ದಾರೆ. ಮಳೆ ಹೆಚ್ಚಿರುವ ಕಡೆ ಅವರು ಕುದುರೆ ಸದಾ ನಿಲ್ಲುವ ಜಾಗಗಳಲ್ಲಿ, ಎಂದರೆ ನೀರಿನ ತೊಟ್ಟಿಯ ಬಳಿ, ಮೇವಿನ ಬಳಿ, ಗೇಟಿನ ಬಳಿ, ಮಣ್ಣು ತೆಗೆದು ದುಂಡನೆಯ ಸಣ್ಣ ಜಲ್ಲಿ ತುಂಬಿಸುತ್ತಾರೆ. ದಿನಕ್ಕೊಮ್ಮೆ ಗೊರಸಿನ ತಳದ ಕೆಸರು ಕೆರೆದು ತೆಗೆಯುತ್ತಾರೆ. ಕ್ಸೆನೊಫೋನನ ಮುಷ್ಟಿಗಾತ್ರದ ಕಲ್ಲು ಅವರಲ್ಲಿ ಬಟಾಣಿ ಗಾತ್ರಕ್ಕೆ ಇಳಿದಿದೆ, ಅಷ್ಟೇ.