ಮಾರಕ ಹೊರಗಿವಿ ಉರಿಯೂತ: ಚಿಕಿತ್ಸೆಯ ಚರಿತ್ರೆ

ಕಿವಿಯ ಹೊರನಾಳದ ಚರ್ಮದಲ್ಲಿ ಹುಟ್ಟಿ, ಮೃದ್ವಸ್ಥಿಯ ಸೀಳುಗಳ ಮೂಲಕ ಶಂಖಾಸ್ಥಿಗೂ (ಕಿವಿಯನ್ನು ಒಳಗೊಂಡಿರುವ ತಲೆಬುರುಡೆಯ ಮೂಳೆ) ಬುರುಡೆಯ ತಳಕ್ಕೂ ಇಳಿಯುವ ಈ ಸೋಂಕು ಹೆಚ್ಚಾಗಿ ವಯಸ್ಸಾದ ಮಧುಮೇಹಿಗಳನ್ನು ಬಾಧಿಸುತ್ತದೆ. ‘ಮಾರಕ’ ಎನಿಸಿಕೊಂಡರೂ ಇದು ಕ್ಯಾನ್ಸರ್ ಅಲ್ಲ. ಸ್ಯೂಡೊಮೊನಾಸ್ ಏರುಜಿನೋಸಾ ಎಂಬ ಬ್ಯಾಕ್ಟೀರಿಯಾ ಇದರ ಮುಖ್ಯ ಕಾರಣ. ಸಕ್ಕರೆ ಕಾಯಿಲೆಯಿಂದ ಸಣ್ಣ ರಕ್ತನಾಳಗಳು ಕೆಟ್ಟು, ಬಿಳಿ ರಕ್ತಕಣಗಳ ಕಸುವು ಕುಂದಿರುವುದರಿಂದ ಸೋಂಕಿಗೆ ತಡೆ ಕುಗ್ಗುತ್ತದೆ.

ಇಂಥ ರೋಗಿಯೊಬ್ಬನ ವಿವರವನ್ನು ವೈದ್ಯ ಟುಲ್ಮೂಶ್ 1838ರಲ್ಲಿ ದಾಖಲಿಸಿದನಾದರೂ, ರೋಗಕ್ಕೆ ಸ್ಪಷ್ಟ ರೂಪ ದೊರೆತದ್ದು 1959ರಲ್ಲಿ ಮೆಲ್ಟ್ಜರ್ ಮತ್ತು ಕೆಲೆಮನ್ ಎಂಬ ವೈದ್ಯರು ಇದರ ಬಗ್ಗೆ ಬರೆದ ಮೇಲೆ, ಹಾಗೂ 1968ರಲ್ಲಿ ವೈದ್ಯ ಚಾಂಡ್ಲರ್ 13 ರೋಗಿಗಳನ್ನು ವರ್ಣಿಸಿ ಅದಕ್ಕೆ ಈ ಹೆಸರಿಟ್ಟ ಮೇಲೆ. ಆಗ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಸಾಯುತ್ತಿದ್ದರು. ಕೊಳೆತ ಭಾಗವನ್ನು ಕೊಯ್ದು ತೆಗೆಯುವುದೇ ಆ ಕಾಲದ ಪ್ರಧಾನ ಉಪಾಯವಾಗಿತ್ತು. ಬಳಿಕ ಕಾರ್ಬೆನಿಸಿಲಿನ್ ಮತ್ತು ಜೆಂಟಾಮೈಸಿನ್ ಚುಚ್ಚುಮದ್ದುಗಳು ಬಂದು ಸಾವು ಇಳಿಯಿತು. ಆದರೆ ವಾರಗಟ್ಟಲೆ ಆಸ್ಪತ್ರೆಯಲ್ಲಿ ಉಳಿಯಬೇಕಿತ್ತು, ಜೆಂಟಾಮೈಸಿನ್ ಮೂತ್ರಪಿಂಡಕ್ಕೂ ಶ್ರವಣಕ್ಕೂ ಹಾನಿ ಮಾಡುತ್ತಿದ್ದುದರಿಂದ ಮೊದಲೇ ಮೂತ್ರಪಿಂಡ ಸೋತ ಮಧುಮೇಹಿಗೆ ಮದ್ದೂ ಅಪಾಯಕಾರಿಯಾಗಿತ್ತು. 1980ರ ದಶಕದ ಕೊನೆಗೆ ಬಂದ ಸಿಪ್ರೊಫ್ಲಾಕ್ಸಸಿನ್ ಗುಳಿಗೆಯಿಂದ ಆರರಿಂದ ಎಂಟು ವಾರಗಳ ಚಿಕಿತ್ಸೆ ಮನೆಯಲ್ಲೇ ಸಾಧ್ಯವಾಯಿತು. ಈ ಚರಿತ್ರೆಯ ಅತ್ಯಂತ ದೊಡ್ಡ ತಿರುವು ಇದೇ. ಅದೇ ಗುಳಿಗೆ ಎಲ್ಲೆಡೆ ಸುಲಭವಾಗಿ ಸಿಕ್ಕಿದ್ದರಿಂದ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚಿದ್ದೂ ಅಷ್ಟೇ ನಿಜ.

ನಾಳದ ಮೃದ್ವಸ್ಥಿ ಭಾಗವೂ ಮೂಳೆಯ ಭಾಗವೂ ಕೂಡುವೆಡೆ, ನಾಳದ ತಳಭಾಗದಲ್ಲಿ ಕೆಂಪಗೆ ಮೃದುವಾಗಿ ಬೆಳೆದ ಮಾಂಸಾಂಕುರವೂ ರಾತ್ರಿ ನಿದ್ದೆಗೆಡಿಸುವ ನೋವೂ ರೋಗದ ಗುರುತು. ಕ್ಯಾನ್ಸರ್ ಶಂಕೆ ಕಳೆಯಲು ಆ ಮಾಂಸದ ಚೂರನ್ನು ಪರೀಕ್ಷಿಸುತ್ತಾರೆ. ಮುಖದ ನರ ಸೋತು ಬಾಯಿ ಸೊಟ್ಟಗಾದರೆ ಸೋಂಕು ಬುರುಡೆಯ ತಳ ಮುಟ್ಟಿದೆ ಎಂದರ್ಥ.

ಈ ಚಿಕಿತ್ಸೆ ಹಳ್ಳಿಗಾಡಿಗೆ ಎಷ್ಟು ದೂರವಿತ್ತು ಎಂಬುದಕ್ಕೆ ಒಂದು ಊರಿನ ಉದಾಹರಣೆ ನೋಡಿ. ಬಾದಾಮಿ ತಾಲ್ಲೂಕಿನ ಕುಳಗೇರಿ ಕ್ರಾಸ್ ಇರುವುದು ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯಲ್ಲಿ. ಚಾಂಡ್ಲರ್ ಬರೆದ ಕಾಲಕ್ಕೆ ಇಲ್ಲಿಯವರಿಗೆ ಹುಬ್ಬಳ್ಳಿಯಲ್ಲಿ 1957ರಲ್ಲಿ ಸ್ಥಾಪನೆಯಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಆಸರೆಯಿತ್ತು, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಆರಂಭವಾದದ್ದು ತೀರ ಈಚೆಗೆ, 2002ರಲ್ಲಿ. ಕಿವಿಗೆ ಕಾಸಿದ ಎಣ್ಣೆ ಬಿಡುವ, ಕಡ್ಡಿಯಿಂದ ಗುಗ್ಗೆ ತೆಗೆಯುವ ರೂಢಿ ಹಳ್ಳಿಗಳಲ್ಲಿದ್ದು, ಅದರಿಂದ ಮಧುಮೇಹಿಯ ನಾಳದಲ್ಲಿ ಆಗುವ ಗಾಯ ಸೋಂಕಿಗೆ ಬಾಗಿಲಾಗಬಹುದು. ಅಂಥ ಕಿವಿಯಲ್ಲಿ ಕೀವು ಕಂಡರೆ ಹನಿಮದ್ದು ಹಾಕುವ ಮೊದಲೇ ಅದರ ಮಾದರಿ ತೆಗೆದು, ರೋಗಾಣು ಬೆಳೆಸಿ ಗುರುತಿಸುವ ಕಲ್ಚರ್‌ಗೆ ಕಳಿಸುವುದು ಅಗತ್ಯ. ಇಲ್ಲವಾದರೆ ಬ್ಯಾಕ್ಟೀರಿಯಾ ಪತ್ತೆಯಾಗದೆ, ಶಿಲೀಂಧ್ರದ ಸೋಂಕಿಗೂ ಬ್ಯಾಕ್ಟೀರಿಯಾದ ಮದ್ದೇ ಮುಂದುವರಿಯಬಹುದು.